ಬಾಯಿ ಕಟ್ಟಿದ ಏಳನೇ ದಿನ

ರಾತ್ರಿ ಎಂಟಕ್ಕೆ ಎರಡು ಚಪಾತಿ, ಒಂದಿಷ್ಟು ಪಲ್ಯ ತಿಂದು ಮಲಗಿದವರು ಬೆಳಿಗ್ಗೆ ಆರಕ್ಕೆಲ್ಲ ಲ್ಯಾಬಿನ ಮುಂದೆ ನಿಂತಿರುತ್ತಾರೆ. ಹತ್ತು ಗಂಟೆ ಏನೂ ತಿಂದಿಲ್ಲ, ಕಾಫಿ ಕೂಡ ಕುಡಿದಿಲ್ಲ. ಆದರೂ ಚೀಟಿಯಲ್ಲಿ ಖಾಲಿ ಹೊಟ್ಟೆ ಶುಗರ್ 165 ಎಂದು ಬಂದಿರುತ್ತದೆ. ‘ರಾತ್ರಿ ಅನ್ನಾನೇ ಮುಟ್ಟಿಲ್ಲ ಡಾಕ್ಟ್ರೇ. ಸ್ವೀಟು ಬಿಟ್ಟು ಎಷ್ಟೋ ಕಾಲ ಆಯ್ತು. ಇದು ಎಲ್ಲಿಂದ ಬಂತು?’ ಈ ಪ್ರಶ್ನೆ ಕೇಳಿಬರದ ಕ್ಲಿನಿಕ್ಕು ನಮ್ಮ ರಾಜ್ಯದಲ್ಲಿ ಇರಲಾರದು. ಸಂಜೆ ಹೊತ್ತು ಐವತ್ತು ಜನ ಕಾದು ಕುಳಿತಿರುವ ಕಡೆ ವೈದ್ಯರಿಗೂ ವಿವರಿಸಲು ಪುರಸೊತ್ತಿರುವುದಿಲ್ಲ. ಬಹಳ ಸಲ ಆ ಪ್ರಶ್ನೆಗೆ ಉತ್ತರವಾಗಿ ಸಿಗುವುದು ಇನ್ನೊಂದು ಮಾತ್ರೆ.

ಆ ಪ್ರಶ್ನೆ ಮಾತ್ರ ಅಪ್ಪಟ ಸರಿಯಾದ ಪ್ರಶ್ನೆ. ಟೈಪ್ 2 ಮಧುಮೇಹದ ಗುಟ್ಟೆಲ್ಲ ಅದರಲ್ಲೇ ಇದೆ.

ಬೆಳಗಿನ ಆ ಸಕ್ಕರೆ ತಟ್ಟೆಯಿಂದ ಬಂದದ್ದಲ್ಲ, ಅವರದೇ ಲಿವರಿನಿಂದ ಬಂದದ್ದು. ಸುಮಾರು 70 ಕೆ.ಜಿ. ತೂಗುವ ಆರೋಗ್ಯವಂತರ ಇಡೀ ರಕ್ತದಲ್ಲಿ ಖಾಲಿ ಹೊಟ್ಟೆಯಲ್ಲಿ ಇರುವ ಗ್ಲೂಕೋಸ್ 4 ಗ್ರಾಂ ಆಸುಪಾಸು. ಒಂದು ಟೀ ಚಮಚದಷ್ಟೂ ಇಲ್ಲ. ನಾವು ಮಲಗಿದ್ದರೂ ಮಿದುಳು ಮಲಗುವುದಿಲ್ಲ, ಅದಕ್ಕೆ ರಾತ್ರಿಯಿಡೀ ಗ್ಲೂಕೋಸ್ ಬೇಕು. ಹಾಗಾಗಿ ಲಿವರು ತನ್ನಲ್ಲಿ ಕೂಡಿಟ್ಟ ಗ್ಲೈಕೋಜೆನ್ನನ್ನು ಒಡೆದು, ಜೊತೆಗೆ ಹೊಸದಾಗಿಯೂ ತಯಾರಿಸಿ, ಗಂಟೆಗೆ ಸುಮಾರು 8 ಗ್ರಾಂ ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತಿರುತ್ತದೆ. ಅಂದರೆ ರಕ್ತದಲ್ಲಿ ಇರುವಷ್ಟು ಸಕ್ಕರೆಯನ್ನು ಅದು ಅರ್ಧ ಗಂಟೆಗೊಮ್ಮೆ ಹೊಸದಾಗಿ ಸುರಿಯುತ್ತದೆ. ಇದು ಹದ ಮೀರದಂತೆ ನೋಡಿಕೊಳ್ಳುವುದು ಇನ್ಸುಲಿನ್. ಮೇದೋಜೀರಕ ಗ್ರಂಥಿ ರಾತ್ರಿಯಿಡೀ ತೊಟ್ಟು ತೊಟ್ಟಾಗಿ ಬಿಡುವ ಇನ್ಸುಲಿನ್ ಲಿವರಿಗೆ ‘ಸಾಕು’ ಎನ್ನುತ್ತಿರುತ್ತದೆ. ಕೊಬ್ಬು ತುಂಬಿಕೊಂಡ ಲಿವರು ಈ ಮಾತು ಕೇಳುವುದಿಲ್ಲ. ಇನ್ಸುಲಿನ್ ಎಷ್ಟೇ ಹೇಳಿದರೂ ಸಕ್ಕರೆ ಬಿಡುತ್ತಲೇ ಹೋಗುತ್ತದೆ. ರಾತ್ರಿ ಅನ್ನ ಬಿಟ್ಟು ಚಪಾತಿ ತಿಂದದ್ದು ಆ ಹೊತ್ತಿಗೆ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಹಾಗಾದರೆ ಲಿವರಿಗೆ ಆ ಮಾತು ಮತ್ತೆ ಕೇಳಿಸುವಂತೆ ಮಾಡುವುದು ಹೇಗೆ? ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಪ್ರೊ. ರಾಯ್ ಟೇಲರ್ ಬೆನ್ನು ಹತ್ತಿದ್ದು ಇದನ್ನೇ. ತೂಕ ಇಳಿಸಲು ಹೊಟ್ಟೆ-ಕರುಳಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮಧುಮೇಹಿಗಳಲ್ಲಿ, ತೂಕ ಹೇಳಿಕೊಳ್ಳುವಷ್ಟು ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ ಶುಗರ್ ಹತೋಟಿಗೆ ಬರುತ್ತಿತ್ತು. ಅಮೆರಿಕದ ನಾರ್ತ್ ಕ್ಯಾರೊಲಿನಾದ ಸರ್ಜನ್ ವಾಲ್ಟರ್ ಪೋರಿಸ್ 1995ರಲ್ಲೇ ಇಂಥ ನೂರಾರು ರೋಗಿಗಳ ವಿವರ ಪ್ರಕಟಿಸಿದ್ದರು. ಕರುಳಿನ ದಾರಿ ಬದಲಿಸಿದ್ದರಿಂದ ಯಾವುದೋ ಹಾರ್ಮೋನು ಬದಲಾಗಿ ಹೀಗಾಗುತ್ತದೆ ಎಂದು ಹೆಚ್ಚಿನವರು ಅಂದುಕೊಂಡರು. ಟೇಲರ್ ಕಣ್ಣಿಗೆ ಬಿದ್ದದ್ದು ಅದಕ್ಕಿಂತ ಸರಳವಾದ ಸಂಗತಿ: ಹೊಟ್ಟೆ ಕೊಯ್ಯಿಸಿಕೊಂಡವರು ಮೊದಲ ವಾರ ಏನನ್ನೂ ತಿನ್ನುವ ಸ್ಥಿತಿಯಲ್ಲಿ ಇರುವುದಿಲ್ಲ. ಶುಗರ್ ಇಳಿಸಿದ್ದು ಕತ್ತರಿಯೋ, ಉಪವಾಸವೋ?

2011ರಲ್ಲಿ ಉತ್ತರ ಪ್ರಕಟವಾಯಿತು. ರೋಗ ಪತ್ತೆಯಾಗಿ 4 ವರ್ಷ ದಾಟದ 11 ಮಂದಿಯನ್ನು ಆರಿಸಿಕೊಂಡು, ಶುಗರ್ ಮಾತ್ರೆ ನಿಲ್ಲಿಸಿ, ದಿನಕ್ಕೆ ಸುಮಾರು 600 ಕ್ಯಾಲೊರಿ ಮಾತ್ರ ಕೊಟ್ಟರು. ನೀರಿನಲ್ಲಿ ಕದಡಿ ಕುಡಿಯುವ ಪೌಷ್ಟಿಕ ಪುಡಿ, ಜೊತೆಗೆ ಹಿಟ್ಟಿನಂಶವಿಲ್ಲದ ತರಕಾರಿ, ಬೇಕಾದಷ್ಟು ನೀರು. ಎಂಟು ವಾರ ಇಷ್ಟೇ. ಆರಂಭದಲ್ಲಿ ಅವರ ಖಾಲಿ ಹೊಟ್ಟೆ ಶುಗರಿನ ಸರಾಸರಿ ಹೆಚ್ಚುಕಡಿಮೆ 165 ಇತ್ತು. ಏಳನೇ ದಿನ ಅದು 106. ಮಾತ್ರೆ ಇಲ್ಲ, ಇಂಜೆಕ್ಷನ್ ಇಲ್ಲ, ಶಸ್ತ್ರಚಿಕಿತ್ಸೆ ಇಲ್ಲ. ಎಂಆರ್‌ಐ ಯಂತ್ರದಲ್ಲಿ ಮಲಗಿಸಿ ಅಳೆದಾಗ ಆ ಒಂದೇ ವಾರದಲ್ಲಿ ಲಿವರಿನ ಕೊಬ್ಬು ಮೂರನೇ ಒಂದು ಪಾಲಿನಷ್ಟು ಕರಗಿತ್ತು. ಎಂಟು ವಾರ ಮುಗಿಯುವ ಹೊತ್ತಿಗೆ ಶೇ 12.8ರಷ್ಟಿದ್ದ ಲಿವರಿನ ಕೊಬ್ಬು ಶೇ 2.9ಕ್ಕೆ ಇಳಿದು, ಲಿವರು ಇನ್ಸುಲಿನ್ನಿನ ಮಾತು ಕೇಳತೊಡಗಿತ್ತು. ಮಾಂಸಖಂಡಗಳಲ್ಲಿ ಮಾತ್ರ ಇನ್ಸುಲಿನ್ ಪ್ರತಿರೋಧ ಮೊದಲಿದ್ದಂತೆಯೇ ಇತ್ತು. ಖಾಲಿ ಹೊಟ್ಟೆ ಶುಗರನ್ನು ಆಳುವುದು ಲಿವರೇ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇದು ತೂಕ ಇಳಿದದ್ದರ ಫಲವೋ, ಕಡಿಮೆ ತಿಂದದ್ದರ ಫಲವೋ ಎಂದು ಕೇಳುವವರಿದ್ದಾರೆ. ಕೇಳಬೇಕಾದ್ದೇ. ಪಿಟ್ಸ್‌ಬರ್ಗ್‌ನಲ್ಲಿ ರೀನಾ ವಿಂಗ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಜಾಣತನದಿಂದ ಬಿಡಿಸಿಟ್ಟಿತು. ಮಧುಮೇಹಿಗಳ ಒಂದು ಗುಂಪಿಗೆ ದಿನಕ್ಕೆ 400 ಕ್ಯಾಲೊರಿ, ಇನ್ನೊಂದಕ್ಕೆ 1000 ಕ್ಯಾಲೊರಿ. ಎರಡೂ ಗುಂಪಿನವರು ತಮ್ಮ ತೂಕದ ಶೇ 11ರಷ್ಟನ್ನು ಕಳೆದುಕೊಂಡ ಮೇಲೆ ಹೋಲಿಸಿ ನೋಡಿದರು. ತೂಕ ಇಳಿದದ್ದು ಸಮ. ಆದರೆ 400 ಕ್ಯಾಲೊರಿಯವರ ಖಾಲಿ ಹೊಟ್ಟೆ ಶುಗರ್ ಹೆಚ್ಚು ಇಳಿದಿತ್ತು, ಇನ್ಸುಲಿನ್ ಹೆಚ್ಚು ಚೆನ್ನಾಗಿ ಕೆಲಸ ಮಾಡುತ್ತಿತ್ತು. ಮುಂದೆ ಅವರನ್ನೂ 1000 ಕ್ಯಾಲೊರಿಗೆ ಏರಿಸಿದಾಗ ತೂಕ ಇಳಿಯುತ್ತಲೇ ಹೋಯಿತು, ಶುಗರ್ ಮಾತ್ರ ಒಂದಿಷ್ಟು ಮೇಲೆ ಬಂತು. ಅಂದರೆ ಇಲ್ಲಿ ಎರಡು ಸಂಗತಿ ಹೆಣೆದುಕೊಂಡಿವೆ. ಒಳಗೆ ಹೋಗುವುದು ಕಡಿಮೆಯಾದ ಕೂಡಲೇ, ದಿನಗಳ ಲೆಕ್ಕದಲ್ಲಿ, ಸಿಗುವ ಫಲ ಒಂದು. ಕೂಡಿಕೊಂಡ ಕೊಬ್ಬು ಕರಗಿ ತಿಂಗಳುಗಳಲ್ಲಿ ಸಿಗುವ ಫಲ ಇನ್ನೊಂದು. ಮೊದಲನೆಯದು ಬೇಗ ಬರುತ್ತದೆ, ಬೇಗ ಹೋಗುತ್ತದೆ. ನಿಲ್ಲುವುದು ಎರಡನೆಯದು. ಮದುವೆ ಸೀಸನ್ನಿನ ಆಚೀಚೆ ನಾಲ್ಕು ದಿನ ಪಥ್ಯ ಮಾಡಿ ರಕ್ತ ಪರೀಕ್ಷೆಗೆ ಹೋಗುವವರ ಚೀಟಿ ಚೆನ್ನಾಗಿ ಬಂದು, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಮಾತ್ರ ಕದಲದೆ ಕೂತಿರುವುದು ಇದೇ ಕಾರಣಕ್ಕೆ.

ಕೋಡಿ ಬಿದ್ದ ಕೆರೆ

ಕೊಬ್ಬು ಲಿವರಿಗೆ ಬಂದದ್ದು ಹೇಗೆ ಎನ್ನುವುದಕ್ಕೆ ನಮ್ಮ ಬಯಲುಸೀಮೆಯ ಕೆರೆಗಳ ಸಾಲು ನೆನಪಾಗುತ್ತದೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ ಹರಿಯುತ್ತದೆ, ಅದೂ ತುಂಬಿದರೆ ಅದರ ಕೆಳಗಿನದಕ್ಕೆ. ದೇಹಕ್ಕೆ ಕೊಬ್ಬು ಕೂಡಿಡಲು ಹೇಳಿಮಾಡಿಸಿದ ಜಾಗ ಚರ್ಮದ ಅಡಿ. ಅಲ್ಲಿ ಎಷ್ಟಿದ್ದರೂ ದೊಡ್ಡ ತೊಂದರೆಯಿಲ್ಲ. ಬೇಕಾದ್ದಕ್ಕಿಂತ ಹೆಚ್ಚು ತಿನ್ನುತ್ತ ಹೋದಾಗ ಆ ಜಾಗ ತುಂಬುತ್ತದೆ. ಆಮೇಲೆ ಕೊಬ್ಬು ಲಿವರಿಗೆ ಸೇರುತ್ತದೆ. ಅನ್ನ, ಸಕ್ಕರೆಗಳಿಂದ ಬಂದ ಹೆಚ್ಚುವರಿ ಗ್ಲೂಕೋಸನ್ನೂ ಲಿವರು ಕೊಬ್ಬಾಗಿ ಮಾರ್ಪಡಿಸುತ್ತದೆ; ಹಾಗೆ ಮಾಡು ಎಂದು ಪ್ರಚೋದಿಸುವುದೂ ಇನ್ಸುಲಿನ್ನೇ. ಲಿವರು ತುಂಬಿ ಇನ್ಸುಲಿನ್ನಿಗೆ ಕಿವುಡಾದಾಗ ಮೇದೋಜೀರಕ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ. ಹೆಚ್ಚು ಇನ್ಸುಲಿನ್ ಎಂದರೆ ಲಿವರಿನಲ್ಲಿ ಹೆಚ್ಚು ಕೊಬ್ಬು. ಒಂದು ಚಕ್ರ ಹೀಗೆ ಸುತ್ತತೊಡಗುತ್ತದೆ. ತುಂಬಿದ ಲಿವರು ಕೊಬ್ಬನ್ನು ರಕ್ತಕ್ಕೆ ಬಿಡುತ್ತದೆ. ರಿಪೋರ್ಟಿನಲ್ಲಿ ಟ್ರೈಗ್ಲಿಸರೈಡ್ ಏರುವುದು ಆಗಲೇ. ಅದು ಹೋಗಿ ಸೇರುವ ಜಾಗಗಳಲ್ಲಿ ಮೇದೋಜೀರಕವೂ ಒಂದು. ಅಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು ಕೊಬ್ಬಿನ ಕಾಟಕ್ಕೆ ಸೊರಗಿದಾಗ ಎರಡನೇ ಚಕ್ರ ಶುರು. ಟೇಲರ್ 2008ರಲ್ಲಿ ಮಂಡಿಸಿದ ಜೋಡಿ ಚಕ್ರದ ವಾದ ಇದೇ. 2011ರ ಪ್ರಯೋಗ ಅದನ್ನು ಪರೀಕ್ಷೆಗೆ ಒಡ್ಡಿದ್ದು.

ಮೇದೋಜೀರಕದ ಕಥೆ ಲಿವರಿನಷ್ಟು ವೇಗದ್ದಲ್ಲ. ಆರೋಗ್ಯವಂತರಲ್ಲಿ ಸಕ್ಕರೆ ರಕ್ತಕ್ಕೆ ಬಂದ ಕೆಲವೇ ನಿಮಿಷಗಳಲ್ಲಿ, ಬೀಟಾ ಕೋಶಗಳು ಮೊದಲೇ ತಯಾರಿಸಿಟ್ಟುಕೊಂಡ ಇನ್ಸುಲಿನ್ನನ್ನು ಒಮ್ಮೆಗೇ ಹೊರಚೆಲ್ಲುತ್ತವೆ. ಊಟದ ಸಕ್ಕರೆ ಏರುವ ಮೊದಲೇ ಅಡ್ಡ ನಿಲ್ಲುವ ಈ ಮೊದಲ ಅಲೆ ಮಧುಮೇಹದಲ್ಲಿ ಕಾಣೆಯಾಗುತ್ತದೆ. ಒಮ್ಮೆ ಹೋದರೆ ಹೋಯಿತು, ಬೀಟಾ ಕೋಶಗಳು ಸತ್ತಿವೆ ಎಂಬುದು ಬಹುಕಾಲದ ನಂಬಿಕೆಯಾಗಿತ್ತು. ನ್ಯೂಕ್ಯಾಸಲ್‌ನ ಆ ಹನ್ನೊಂದು ಜನರಲ್ಲಿ ಮೊದಲ ವಾರ ಲಿವರು ಸುಧಾರಿಸಿದರೂ ಈ ಅಲೆ ಹಿಂದಿರುಗಲಿಲ್ಲ. ವಾರ ವಾರಕ್ಕೂ ಸ್ವಲ್ಪ ಸ್ವಲ್ಪವೇ ಏರಿ, ಎಂಟನೇ ವಾರಕ್ಕೆ ಮಧುಮೇಹವಿಲ್ಲದವರ ಮಟ್ಟದ ಹತ್ತಿರ ಬಂತು. ಅಷ್ಟರಲ್ಲಿ ಮೇದೋಜೀರಕದ ಕೊಬ್ಬು ಶೇ 8ರಿಂದ ಶೇ 6.2ಕ್ಕೆ ಇಳಿದಿತ್ತು. ಇದೇ ತಂಡ ಆಮೇಲೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಲೆಕ್ಕ ಹಾಕಿದಾಗ ಮೇದೋಜೀರಕದಿಂದ ಹೋದ ಕೊಬ್ಬು ಸುಮಾರು 0.6 ಗ್ರಾಂ. ಒಂದು ಗ್ರಾಂ ಕೂಡ ಅಲ್ಲ! ಅದನ್ನು ಹೊರಗೆ ಕಳಿಸಲು ಇಡೀ ದೇಹ ಹತ್ತು ಹದಿನೈದು ಕಿಲೊ ಇಳಿಯಬೇಕು ಎನ್ನುವುದು ಬೇರೆ ಮಾತು.

ಬೀಟಾ ಕೋಶಗಳು ಸಾಯುವುದಕ್ಕಿಂತ ಹೆಚ್ಚಾಗಿ ತಮ್ಮ ಕೆಲಸ ಮರೆತು ಕೂರುತ್ತವೆ ಎಂಬುದನ್ನು ಕೊಲಂಬಿಯಾ ವಿಶ್ವವಿದ್ಯಾಲಯದ ಡೊಮೆನಿಕೊ ಅಚಿಲಿ ಅವರ ತಂಡ 2012ರಲ್ಲಿ ಇಲಿಗಳಲ್ಲಿ ತೋರಿಸಿತು. ಅವು ಸತ್ತಿಲ್ಲದಿದ್ದರೆ ಎಬ್ಬಿಸಬಹುದು. ಆದರೆ ಎಷ್ಟು ವರ್ಷ ಹಾಗೇ ಬಿಟ್ಟಿದ್ದೇವೆ ಎನ್ನುವುದು ಇಲ್ಲಿ ಮುಖ್ಯವಾಗುತ್ತದೆ. ರೋಗ ಹಳತಾದಷ್ಟೂ ಅವು ಏಳುವ ಸಂಭವ ಕಡಿಮೆ. ಆದ್ದರಿಂದಲೇ ನನಗೆ ಮತ್ತೆ ಮತ್ತೆ ಅನಿಸುವುದು, ಈ ಮಾತನ್ನು ರೋಗಿಗೆ ಹೇಳಬೇಕಾದದ್ದು ರೋಗ ಪತ್ತೆಯಾದ ಮೊದಲ ಭೇಟಿಯಲ್ಲೇ, ಮೊದಲ ಮಾತ್ರೆಯ ಚೀಟಿಯ ಜೊತೆಗೇ. ಹತ್ತು ವರ್ಷ ಕಳೆದು ಇನ್ಸುಲಿನ್ ಚುಚ್ಚಿಕೊಳ್ಳುವ ಹಂತ ಬಂದ ಮೇಲೆ ‘ತೂಕ ಇಳಿಸಿ’ ಎಂದರೆ ಅದರಿಂದ ಅಷ್ಟೇ ಫಲ ಸಿಗದು.

ಪ್ಯಾರಿಸ್ಸಿನ ಹಸಿವು, ಟೊರಾಂಟೊದ ಹುಡುಗಿ

ಕಡಿಮೆ ತಿಂದರೆ ಸಕ್ಕರೆ ಕಾಯಿಲೆ ತಗ್ಗುತ್ತದೆ ಎಂಬುದು ಹೊಸ ವಿಚಾರವೇನಲ್ಲ. 1870ರ ಸೆಪ್ಟೆಂಬರಿನಿಂದ 1871ರ ಜನವರಿವರೆಗೆ ಪ್ರಷ್ಯಾದ ಸೈನ್ಯ ಪ್ಯಾರಿಸ್ ನಗರವನ್ನು ಮುತ್ತಿಗೆ ಹಾಕಿ ಕುಳಿತಿತ್ತು. ಊರೊಳಗೆ ದವಸ ಮುಗಿದು ಜನ ಕುದುರೆ, ಬೆಕ್ಕು, ಇಲಿಗಳನ್ನೂ ಮೃಗಾಲಯದ ಪ್ರಾಣಿಗಳನ್ನೂ ತಿಂದರು. ಆ ಕಾಲದಲ್ಲಿ ಅಪೊಲಿನೇರ್ ಬುಷಾರ್ದಾ ಎಂಬ ವೈದ್ಯ ತನ್ನ ಮಧುಮೇಹಿಗಳ ಮೂತ್ರ ಪರೀಕ್ಷಿಸಿ ನೋಡಿದ. ಊರೆಲ್ಲ ಹಸಿದು ಕಂಗಾಲಾಗಿದ್ದಾಗ ಕೆಲವು ರೋಗಿಗಳ ಮೂತ್ರದಲ್ಲಿ ಸಕ್ಕರೆಯೇ ಇರಲಿಲ್ಲ. ಆದಷ್ಟು ಕಡಿಮೆ ತಿನ್ನಿ, ಮೈಮುರಿದು ದುಡಿಯಿರಿ ಎಂಬುದೇ ಆತ ತನ್ನ ರೋಗಿಗಳಿಗೆ ಕೊಟ್ಟ ಚಿಕಿತ್ಸೆ.

ಇದೇ ಅರಿವು ಅರ್ಧ ಶತಮಾನದ ನಂತರ ಮಕ್ಕಳ ಮೇಲೆ ಬಿದ್ದಾಗ ಆದದ್ದು ಓದಲು ಕಷ್ಟವಾಗುತ್ತದೆ. ನ್ಯೂಯಾರ್ಕಿನ ಫ್ರೆಡರಿಕ್ ಅಲೆನ್ 1914ರ ಸುಮಾರಿಗೆ ಉಪವಾಸ ಚಿಕಿತ್ಸೆಯನ್ನು ಶಿಸ್ತಾಗಿ ಜಾರಿಗೆ ತಂದ. ಬಾಸ್ಟನ್ನಿನ ಎಲಿಯಟ್ ಜಾಸ್ಲಿನ್ ಅದನ್ನು ಅನುಸರಿಸಿದ. ಮೂತ್ರದಲ್ಲಿ ಸಕ್ಕರೆ ಹೋಗುವವರೆಗೆ ಊಟವಿಲ್ಲ, ಹೋದ ಮೇಲೆ ಗ್ರಾಂ ಲೆಕ್ಕದಲ್ಲಿ ತೂಗಿದ ಊಟ. ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಅವರ ಮಗಳು ಎಲಿಜಬೆತ್‌ಗೆ 11ನೇ ವಯಸ್ಸಿಗೆ, 1919ರಲ್ಲಿ, ಕಾಯಿಲೆ ಬಂತು. ಮೂರು ವರ್ಷ ಅಲೆನ್ನನ ಪಥ್ಯದಲ್ಲಿ ಬದುಕಿದ ಹುಡುಗಿ 1922ರ ಆಗಸ್ಟಿನಲ್ಲಿ ಟೊರಾಂಟೊಕ್ಕೆ, ಹೊಸದಾಗಿ ಇನ್ಸುಲಿನ್ ಕಂಡುಹಿಡಿದಿದ್ದ ಫ್ರೆಡರಿಕ್ ಬ್ಯಾಂಟಿಂಗ್ ಬಳಿಗೆ, ಬಂದಾಗ 15ರ ಹೊಸ್ತಿಲಲ್ಲಿದ್ದಳು. ತೂಕ 45 ಪೌಂಡ್, ಸುಮಾರು 20 ಕೆ.ಜಿ. ನಮ್ಮಲ್ಲಿ ಆರೇಳು ವರ್ಷದ ಮಗು ತೂಗುವಷ್ಟು. ಇನ್ಸುಲಿನ್ ಸಿಕ್ಕ ಮೇಲೆ ಆಕೆ ಮೈ ತುಂಬಿಕೊಂಡಳು, ಓದಿದಳು, ಮದುವೆಯಾದಳು, ಮಕ್ಕಳನ್ನು ಬೆಳೆಸಿದಳು, ತೀರಿಕೊಂಡದ್ದು 1981ರಲ್ಲಿ.

ಎಲಿಜಬೆತ್‌ಗೆ ಇದ್ದದ್ದು ಟೈಪ್ 1. ಆಕೆಯ ಮೇದೋಜೀರಕದಲ್ಲಿ ಕೊಬ್ಬಿನ ಭಾರವಿರಲಿಲ್ಲ, ಇನ್ಸುಲಿನ್ನೇ ಇರಲಿಲ್ಲ. ಬುಷಾರ್ದಾನ ರೋಗಿಗಳನ್ನು ಗುಣದತ್ತ ನಡೆಸಿದ ಹಸಿವು ಈ ಮಕ್ಕಳ ಸಾವನ್ನು ಸ್ವಲ್ಪ ಕಾಲ ಮುಂದೂಡಿತು, ಅಷ್ಟೇ. ಇವು ಎರಡು ಬೇರೆ ಬೇರೆ ಕಾಯಿಲೆಗಳು ಎಂದು ಲಂಡನ್ನಿನ ಹೆರಾಲ್ಡ್ ಹಿಮ್ಸ್‌ವರ್ತ್ ಇನ್ಸುಲಿನ್ ಕೊಟ್ಟು ನೋಡಿ ವಿಂಗಡಿಸಿದ್ದು 1936ರಲ್ಲಿ. ಇಂದಿಗೂ ‘ಉಪವಾಸದಿಂದ ಶುಗರ್ ವಾಸಿ, ಇನ್ಸುಲಿನ್ ಬಿಟ್ಟುಬಿಡಿ’ ಎನ್ನುವ ವಿಡಿಯೊಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿವೆ. ಟೈಪ್ 1 ಇರುವ ಮಗುವಿನ ತಂದೆತಾಯಿ ಅದನ್ನು ನಂಬಿ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಮಗು ಆಸ್ಪತ್ರೆ ಸೇರುತ್ತದೆ, ಜೀವವೇ ಹೋಗಬಹುದು. ಈ ಲೇಖನದಲ್ಲಿ ಬೇರೇನನ್ನು ಮರೆತರೂ ಇದೊಂದನ್ನು ಮರೆಯಬಾರದು.

ಸಣಕಲು ಮೈಯ ಸಕ್ಕರೆ

‘ನಾನು ದಪ್ಪ ಇಲ್ಲವಲ್ಲ, ನನಗ್ಯಾಕೆ ಬಂತು?’ ಇದು ನಮ್ಮವರ ಇನ್ನೊಂದು ಪ್ರಶ್ನೆ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ಒಟ್ಟಿಗೆ ನಿಂತು ತೆಗೆಸಿಕೊಂಡ ಒಂದು ಫೋಟೊ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ಹೇಳುವ ಬಿಎಂಐ ಇಬ್ಬರದೂ 22.3, ಇಬ್ಬರೂ ನೋಡಲು ತೆಳ್ಳಗೆ. ಆದರೆ ದೇಹದ ಕೊಬ್ಬು ಯುಡ್ಕಿನ್ ಅವರಲ್ಲಿ ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2. ತಕ್ಕಡಿಯ ಮೇಲೆ ಸಮನಾಗಿ ಕಾಣುವ ಎರಡು ಮೈಗಳ ಒಳಗೆ ಎರಡು ಪಟ್ಟಿಗೂ ಮೀರಿದ ವ್ಯತ್ಯಾಸ. ಪುಣೆ ಸುತ್ತಲಿನ ಹಳ್ಳಿಗಳಲ್ಲಿ ಹುಟ್ಟಿದ ಶಿಶುಗಳನ್ನು ಇಂಗ್ಲೆಂಡಿನ ಸೌತಾಂಪ್ಟನ್‌ನ ಶಿಶುಗಳ ಜೊತೆ ಹೋಲಿಸಿದಾಗಲೂ ಇದೇ ಕಂಡಿತು. ನಮ್ಮ ಕೂಸುಗಳ ಸರಾಸರಿ ತೂಕ 2.7 ಕೆ.ಜಿ., ಅವರದು 3.5 ಕೆ.ಜಿ. ನಮ್ಮವರಲ್ಲಿ ಕಡಿಮೆಯಾದದ್ದು ಮುಖ್ಯವಾಗಿ ಸ್ನಾಯು ಮತ್ತು ಒಳಾಂಗ. ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಾಗಿರಲಿಲ್ಲ.

ಈ ಕಥೆಯಲ್ಲಿ ಮೈಸೂರಿಗೂ ಪಾಲಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟುಕೊಂಡು ಬಂದಿತ್ತು. ಹೆರಿಗೆ ಮಾಡಿಸಿದ ದಾದಿಯರು ದಪ್ಪ ಪುಸ್ತಕದಲ್ಲಿ ಸಾಲಾಗಿ ತುಂಬಿದ ಅಂಕಿಗಳು. ಹಳೆಯ ಕಾಗದ ಗುಜರಿಗೆ ಹೋಗುವ ನಮ್ಮ ನಾಡಿನಲ್ಲಿ ಆ ಪುಸ್ತಕಗಳು ಉಳಿದುಕೊಂಡದ್ದೇ ಭಾಗ್ಯ. ಬ್ರಿಟನ್ನಿನ ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ಸಂಶೋಧಕರು 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದವರನ್ನು ಹುಡುಕಿ, ನಡುವಯಸ್ಸಿನ ಆ ಗಂಡಸರು ಹೆಂಗಸರ ರಕ್ತ ಪರೀಕ್ಷಿಸಿದರು. ಫಲಿತಾಂಶ 1998ರಲ್ಲಿ ಪ್ರಕಟವಾಯಿತು. ಹುಟ್ಟಿದಾಗ ಗಿಡ್ಡವಾಗಿದ್ದು ಉದ್ದಕ್ಕೆ ಹೋಲಿಸಿದರೆ ದುಂಡಗಿದ್ದ ಕೂಸುಗಳಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ, ಮಧುಮೇಹ ಹೆಚ್ಚಾಗಿತ್ತು. ಬಸಿರಿನಲ್ಲಿ ತಾಯಿಯ ಸಕ್ಕರೆ ಏರಿದ್ದಿರಬಹುದು ಎಂಬ ಗುಮಾನಿ ಹುಟ್ಟಿ, ಅದೇ ಆಸ್ಪತ್ರೆಯಲ್ಲಿ 1990ರ ದಶಕದ ಕೊನೆಗೆ ಗರ್ಭಿಣಿಯರನ್ನು ಪರೀಕ್ಷಿಸಿದಾಗ ಸುಮಾರು ಶೇ 6ರಷ್ಟು ಮಂದಿಗೆ ಗರ್ಭಿಣಿ ಮಧುಮೇಹ ಇತ್ತು. ಅವರ ಮಕ್ಕಳಲ್ಲಿ ಶಾಲೆಗೆ ಹೋಗುವ ವಯಸ್ಸಿಗೇ ಮೈಕೊಬ್ಬು ಹೆಚ್ಚು, ಇನ್ಸುಲಿನ್ ಪ್ರತಿರೋಧವೂ ಹೆಚ್ಚು.

ಇವೆಲ್ಲದರ ಅರ್ಥ, ಕೊಬ್ಬನ್ನು ಸುರಕ್ಷಿತವಾಗಿ ಹಿಡಿದಿಡುವ ಶಕ್ತಿ ಒಬ್ಬೊಬ್ಬರಿಗೆ ಒಂದೊಂದು ಮಟ್ಟದ್ದು. ಕೆಲವರಿಗೆ 110 ಕಿಲೊ ಆದರೂ ಏನೂ ಆಗುವುದಿಲ್ಲ, ಇನ್ನು ಕೆಲವರಿಗೆ 64 ಕಿಲೊಗೇ ಕೋಡಿ ಬೀಳುತ್ತದೆ. ಇದನ್ನು ಟೇಲರ್ ಮತ್ತು ಆಕ್ಸ್‌ಫರ್ಡಿನ ರೂರಿ ಹೋಲ್ಮನ್ 2015ರಲ್ಲಿ ವ್ಯಕ್ತಿಗತ ಕೊಬ್ಬಿನ ಮಿತಿ ಎಂದು ಕರೆದರು. ಬಳಿಕ ಬಿಎಂಐ 27ರ ಒಳಗಿರುವ, ದಪ್ಪ ಎನ್ನಲಾಗದ 20 ಮಧುಮೇಹಿಗಳನ್ನು ನ್ಯೂಕ್ಯಾಸಲ್ ತಂಡ ತೂಕ ಇಳಿಸುವಂತೆ ಮಾಡಿತು. 2023ರಲ್ಲಿ ಪ್ರಕಟವಾದಂತೆ 14 ಮಂದಿಯಲ್ಲಿ ಮಾತ್ರೆಯಿಲ್ಲದೆ ಶುಗರ್ ಮಧುಮೇಹದ ಗೆರೆಯಿಂದ ಕೆಳಗಿಳಿಯಿತು. ನಮ್ಮ ಪಾಲಿಗೆ ಇದು ದೊಡ್ಡ ಸುದ್ದಿ. ಭಾರತೀಯರಿಗೆ ಬಿಎಂಐ 23 ದಾಟಿದರೇ ತೂಕ ಹೆಚ್ಚು, 25 ದಾಟಿದರೆ ಬೊಜ್ಜು ಎಂದು ನಮ್ಮ ವೈದ್ಯರು ನಿಗದಿ ಮಾಡಿದ್ದಾರೆ. ಸೊಂಟದ ಅಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮೀರಬಾರದು. ತಕ್ಕಡಿಗಿಂತ ದರ್ಜಿಯ ಟೇಪು ನಮಗೆ ಹೆಚ್ಚು ನಿಜ ಹೇಳುತ್ತದೆ. ಕಾಲೇಜು ದಿನಗಳ ತೂಕಕ್ಕೂ ಈಗಿನದಕ್ಕೂ ಎಷ್ಟು ವ್ಯತ್ಯಾಸ ಎಂದು ನೋಡಿಕೊಂಡರೂ ಸಾಕು.

ಆದರೆ ನಿಜವಾಗಿಯೂ ಬಡಕಲಾದ, ಬಾಲ್ಯದಿಂದ ಹೊಟ್ಟೆತುಂಬ ಉಣ್ಣದೆ ಬೆಳೆದ ಮಧುಮೇಹಿಗಳು ನಮ್ಮ ದೇಶದಲ್ಲಿ ಇದ್ದಾರೆ. ಅವರಲ್ಲಿ ಇನ್ಸುಲಿನ್ ಉತ್ಪಾದನೆಯೇ ಕಡಿಮೆ. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ 2025ರಲ್ಲಿ ಇದನ್ನು ಟೈಪ್ 5 ಎಂದು ಬೇರೆಯಾಗಿ ಗುರುತಿಸಿತು. ಅದರ ಹಿಂದೆ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ವೈದ್ಯರ ಬಹು ವರ್ಷದ ದುಡಿಮೆ ಇದೆ. ಅಂಥವರಿಗೆ ಊಟ ಕಡಿಮೆ ಮಾಡಿ ಎಂದರೆ ಅನ್ಯಾಯ. ಅವರಿಗೆ ಬೇಕಾದ್ದು ಪೌಷ್ಟಿಕ ಊಟವೇ.

ತಟ್ಟೆಯನ್ನು ಹತ್ತಿರದಿಂದ

ಶುಗರ್ ಬಂತೆಂದರೆ ನಮ್ಮಲ್ಲಿ ಮೊದಲು ನಡೆಯುವುದು ಅದಲುಬದಲು. ಅನ್ನ ಬಿಟ್ಟು ಚಪಾತಿ, ಚಪಾತಿ ಬಿಟ್ಟು ಮುದ್ದೆ, ಸಕ್ಕರೆ ಬಿಟ್ಟು ಬೆಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕ ತೆರೆದು ನೋಡಿದರೆ 100 ಗ್ರಾಂ ಅಕ್ಕಿಯಲ್ಲಿ 356 ಕ್ಯಾಲೊರಿ, ಗೋಧಿ ಹಿಟ್ಟಿನಲ್ಲಿ 320, ರಾಗಿಯಲ್ಲಿ 321. ರಾಗಿಯಲ್ಲಿ ನಾರು, ಸುಣ್ಣದಂಶ ಹೆಚ್ಚು, ನನಗಂತೂ ಮುದ್ದೆಗಿಂತ ಹಿತವಾದ ಊಟ ಇನ್ನೊಂದಿಲ್ಲ. ಆದರೆ ಮುಷ್ಟಿಗಾತ್ರದ ಎರಡು ಮುದ್ದೆ ಉಂಡು, ಮೇಲೆ ಒಂದಿಷ್ಟು ಅನ್ನ ಸಾರು ಕಲಸಿಕೊಂಡರೆ ಲಿವರಿಗೆ ಯಾವ ರಜೆಯೂ ಸಿಗುವುದಿಲ್ಲ. ಬೆಲ್ಲವೂ ಸಕ್ಕರೆಯೇ.

ಎಣ್ಣೆಯ ಲೆಕ್ಕ ಯಾರೂ ಇಡುವುದಿಲ್ಲ. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ. ಒಗ್ಗರಣೆಗೆ ಬಗ್ಗಿಸುವ ಒಂದು ದೊಡ್ಡ ಚಮಚಕ್ಕೆ 120ರ ಹತ್ತಿರ. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಪಲ್ಯ, ಸಾರಿನ ಒಗ್ಗರಣೆ, ಸಂಜೆ ದೋಸೆಯ ಸುತ್ತ ಸುರಿದದ್ದು, ಎಲ್ಲ ಸೇರಿ ಒಬ್ಬರ ಪಾಲಿಗೆ ನಾಲ್ಕು ಚಮಚ ಬಂದರೆ 480 ಕ್ಯಾಲೊರಿ ಆಯಿತು. ನ್ಯೂಕ್ಯಾಸಲ್‌ನವರು ಇಡೀ ದಿನ ತಿಂದದ್ದು 600. ದಿನಕ್ಕೆ ನಾಲ್ಕು ಸಲ ಎರಡೆರಡು ಚಮಚ ಸಕ್ಕರೆ ಹಾಕಿದ ಕಾಫಿ ಟೀ ಎಂದರೆ ಬರೀ ಸಕ್ಕರೆಯಿಂದ 160. ಕುರ್ಚಿಯ ಮೇಲೆ ಕೂತು ಕೆಲಸ ಮಾಡುವ ಗಂಡಸಿಗೆ ದಿನಕ್ಕೆ ಸುಮಾರು 2110, ಹೆಂಗಸಿಗೆ 1660 ಕ್ಯಾಲೊರಿ ಸಾಕು ಎನ್ನುತ್ತದೆ ಐಸಿಎಂಆರ್. ಮನೆಯವರೆಲ್ಲ ಉಂಡ ಮೇಲೆ ಉಳಿದ ಅನ್ನ ಹಾಳಾಗಬಾರದೆಂದು ತನ್ನ ತಟ್ಟೆಗೆ ಹಾಕಿಕೊಳ್ಳುವ ಗೃಹಿಣಿಯ ಲೆಕ್ಕ ಇದರಲ್ಲಿ ಎಲ್ಲಿ ಬರುತ್ತದೆ ಎಂದು ಯೋಚಿಸಿದಾಗ ಸಂಕಟವಾಗುತ್ತದೆ. ಆಕೆಗೆ ಪಥ್ಯ ಹೇಳುವ ಮೊದಲು ಮನೆಯವರು ಅಳತೆಗೆ ಅಕ್ಕಿ ಹಾಕುವುದನ್ನು ಕಲಿಯಬೇಕು.

ಏಕಾದಶಿ, ಶನಿವಾರ, ಸಂಕಷ್ಟಿ ಎಂದು ಉಪವಾಸ ಮಾಡುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅನ್ನ ಬಿಟ್ಟು ಅವಲಕ್ಕಿ, ಸಬ್ಬಕ್ಕಿ ಕಿಚಡಿ, ಬಾಳೆಹಣ್ಣು, ಹುರಿದ ಶೇಂಗಾ ತಿಂದರೆ ವ್ರತ ಪೂರ್ಣವಾಗಬಹುದು, ಕ್ಯಾಲೊರಿ ಕಡಿಮೆಯಾಗುವುದಿಲ್ಲ. ಹೊತ್ತು ನೋಡಿ ತಿನ್ನುವ ಈಚಿನ ಪದ್ಧತಿಯೂ ಬಹುಮಟ್ಟಿಗೆ ಇದೇ ಪರೀಕ್ಷೆಯಲ್ಲಿ ನಿಲ್ಲಬೇಕಾಗಿದೆ. ಚೀನಾದ ಗುವಾಂಗ್‌ಝೌದಲ್ಲಿ ಬೊಜ್ಜಿರುವ 139 ಮಂದಿಗೆ ಕ್ಯಾಲೊರಿ ಕಡಿಮೆ ಮಾಡಿ, ಅರ್ಧದಷ್ಟು ಜನರಿಗೆ ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರೊಳಗೇ ತಿನ್ನಿ ಎಂದೂ ಹೇಳಿದರು. ವರ್ಷದ ಬಳಿಕ, 2022ರಲ್ಲಿ ಪ್ರಕಟವಾದಂತೆ, ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಹೊತ್ತಿನ ಶಿಸ್ತು ಕೆಲವರಿಗೆ ಕಡಿಮೆ ತಿನ್ನಲು ನೆರವಾಗುತ್ತದೆ, ಆಗಲಿ. ಕೆಲಸ ಮಾಡುವುದು ಮುಖ್ಯವಾಗಿ ಪ್ರಮಾಣವೇ.

600 ಕ್ಯಾಲೊರಿ ಎಲ್ಲರಿಗೂ ಬೇಕಿಲ್ಲ. ಇನ್ನೂ ಗೆರೆ ದಾಟದವರಿಗೆ ಅಷ್ಟೇ ದೊಡ್ಡ ಹೆಜ್ಜೆಯ ಅಗತ್ಯವೂ ಇಲ್ಲ. ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ತಂಡ ಮಧುಮೇಹದ ಅಂಚಿನಲ್ಲಿದ್ದ 531 ಮಂದಿಯನ್ನು ಮೂರು ವರ್ಷ ಗಮನಿಸಿತು. ಸುಮ್ಮನೆ ಬಿಟ್ಟವರಲ್ಲಿ ಶೇ 55 ಮಂದಿಗೆ ಮಧುಮೇಹ ಬಂತು. ಊಟ ಮಿತಗೊಳಿಸಿ, ಸಕ್ಕರೆ ಎಣ್ಣೆ ಕಡಿಮೆ ಮಾಡಿ, ದಿನವೂ ಅರ್ಧ ಗಂಟೆ ನಡೆದವರಲ್ಲಿ ಶೇ 39. ಇವರ ತೂಕ ಹೆಚ್ಚೇನೂ ಇಳಿದಿರಲಿಲ್ಲ ಎಂಬುದು ಗಮನಿಸಬೇಕಾದ್ದು. ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಹೇಳಿದ ಪ್ರಕಾರ ದೇಶದಲ್ಲಿ ಹೀಗೆ ಅಂಚಿನಲ್ಲಿ ಇರುವವರು ಸುಮಾರು 13.6 ಕೋಟಿ; ಮಧುಮೇಹ ಬಂದವರು 10.1 ಕೋಟಿ.

ಉಳಿಸಿಕೊಳ್ಳುವುದು

ಹನ್ನೊಂದು ಜನರ ಪ್ರಯೋಗ ದೊಡ್ಡದಾಗಿ ನಡೆದದ್ದು ಸ್ಕಾಟ್ಲೆಂಡ್ ಮತ್ತು ನ್ಯೂಕ್ಯಾಸಲ್ ಸುತ್ತಲಿನ ಸಾಮಾನ್ಯ ಕ್ಲಿನಿಕ್ಕುಗಳಲ್ಲಿ. ಗ್ಲಾಸ್ಗೊ ವಿಶ್ವವಿದ್ಯಾಲಯದ ಮೈಕೆಲ್ ಲೀನ್ ಮತ್ತು ಟೇಲರ್ ನಡೆಸಿದ ಡೈರೆಕ್ಟ್ ಅಧ್ಯಯನದಲ್ಲಿ ಸುಮಾರು 300 ಮಂದಿ ಇದ್ದರು. ಎಲ್ಲರಿಗೂ ರೋಗ ಬಂದು 6 ವರ್ಷದೊಳಗೆ. ಅರ್ಧದಷ್ಟು ಜನರಿಗೆ ಮೂರರಿಂದ ಐದು ತಿಂಗಳು ದಿನಕ್ಕೆ 825ರಿಂದ 853 ಕ್ಯಾಲೊರಿ, ಆಮೇಲೆ ನಿಧಾನವಾಗಿ ಮಾಮೂಲು ಊಟ. ಒಂದು ವರ್ಷಕ್ಕೆ ಅವರಲ್ಲಿ ಶೇ 46 ಮಂದಿ ಮಾತ್ರೆಯಿಲ್ಲದೆ ಎಚ್‌ಬಿಎ1ಸಿ 6.5ರ ಕೆಳಗಿಟ್ಟುಕೊಂಡಿದ್ದರು, ಮಾಮೂಲು ಚಿಕಿತ್ಸೆಯವರಲ್ಲಿ ಶೇ 4. ಹದಿನೈದು ಕಿಲೊ ಅಥವಾ ಹೆಚ್ಚು ಇಳಿಸಿದವರಲ್ಲಿ ಶೇ 86! ಎರಡನೇ ವರ್ಷಕ್ಕೆ ಶೇ 46 ಇದ್ದದ್ದು ಶೇ 36 ಆಯಿತು. ಐದು ವರ್ಷ ಜೊತೆಗೆ ಉಳಿದವರಲ್ಲಿ ಶೇ 13. ಕಾರಣ ಒಂದೇ, ತೂಕ ಮರಳಿ ಬಂತು. ಇಳಿದ ದೇಹ ಹಸಿವನ್ನು ಏರಿಸುತ್ತದೆ, ಕ್ಯಾಲೊರಿ ಖರ್ಚನ್ನು ತಗ್ಗಿಸುತ್ತದೆ. ತೂಕ ಮತ್ತೆ ಏರಿಸಿಕೊಂಡವರಿಗೆ ‘ನಾಲಿಗೆ ಹಿಡಿತದಲ್ಲಿಲ್ಲ’ ಎಂದು ಬೈಯುವುದು ನಮ್ಮಲ್ಲಿ ಸಲೀಸು. ದೇಹವೇ ಎದುರು ಎಳೆಯುತ್ತಿರುವಾಗ ಆ ಬೈಗುಳ ಕ್ರೂರವಾದದ್ದು.

ಉಳಿಸಿಕೊಂಡವರ ದೇಹದಲ್ಲಿ ನಡೆದದ್ದು ಮಾತ್ರ ನನಗೆ ಬಹಳ ಹಿಡಿಸಿತು. ಮಧುಮೇಹಿಗಳ ಮೇದೋಜೀರಕ ಚಿಕ್ಕದಾಗಿ, ಅಂಚು ಹರಿದಂತೆ ಇರುತ್ತದೆ. ಶುಗರ್ ಹತೋಟಿಯಲ್ಲೇ ಉಳಿದವರಲ್ಲಿ ಎರಡು ವರ್ಷದಲ್ಲಿ ಅದು ಬೆಳೆದು, ಅಂಚು ನುಣುಪಾಗತೊಡಗಿತು ಎಂದು 2020ರ ಎಂಆರ್‌ಐ ಅಧ್ಯಯನ ತೋರಿಸಿತು.

ಬಾಯಿ ಕಟ್ಟಲು ಹೊರಟವರು ಒಂದು ಮಾತು ಗಟ್ಟಿಯಾಗಿ ನೆನಪಿಡಬೇಕು: ಮೊದಲ ವಾರವೇ ಶುಗರ್ ಇಳಿಯುತ್ತದೆ ಎಂದರೆ ಮೊದಲ ವಾರವೇ ಹಳೆಯ ಮಾತ್ರೆ ಹೆಚ್ಚಾಗಿಬಿಡಬಹುದು. ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರು, ಇನ್ಸುಲಿನ್ ಚುಚ್ಚಿಕೊಳ್ಳುವವರು ಊಟ ಮಾತ್ರ ಕಡಿಮೆ ಮಾಡಿದರೆ ಶುಗರ್ ಒಮ್ಮೆಗೇ ಬಿದ್ದು ಬೆವರಿ, ಕೈ ನಡುಗಿ, ಪ್ರಜ್ಞೆ ತಪ್ಪಬಹುದು. ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಿಗೆ ಉಪವಾಸದಲ್ಲಿ ರಕ್ತ ಆಮ್ಲವಾಗುವ ಅಪಾಯವಿದೆ, ಅದೂ ಶುಗರ್ ತೀರಾ ಏರದೆಯೇ. ಬಿಪಿ ಮಾತ್ರೆಯನ್ನೂ ಇಳಿಸಬೇಕಾಗಿ ಬರಬಹುದು. ಯಾವ ಮಾತ್ರೆ ಎಂದು ನಿಲ್ಲಿಸಬೇಕು, ಯಾವುದನ್ನು ಅರ್ಧ ಮಾಡಬೇಕು ಎಂಬುದನ್ನು ವೈದ್ಯರು ಮೊದಲೇ ಬರೆದುಕೊಡಬೇಕು. ಗರ್ಭಿಣಿಯರು, ಎದೆಹಾಲೂಡುವವರು, ಮಕ್ಕಳು, ಕಿಡ್ನಿ ತೊಂದರೆ ಇರುವವರು ಈ ದಾರಿಗೆ ತಾವಾಗಿ ಇಳಿಯಬಾರದು. ಶುಗರ್ ಸರಿಹೋದ ಮೇಲೂ ವರ್ಷಕ್ಕೊಮ್ಮೆಯಾದರೂ ಎಚ್‌ಬಿಎ1ಸಿ ಪರೀಕ್ಷೆ, ಕಣ್ಣಿನ ಅಕ್ಷಿಪಟದ ಪರೀಕ್ಷೆ, ಕಿಡ್ನಿ ಮತ್ತು ಪಾದಗಳ ತಪಾಸಣೆ ಮಾಡಿಸುತ್ತಲೇ ಇರಬೇಕು. ಹಳೆಯ ವರ್ಷಗಳ ಏರುಸಕ್ಕರೆ ಕಣ್ಣಿಗೆ ಮಾಡಿದ ಹಾನಿ ಶುಗರ್ ಇಳಿದ ಮೇಲೂ ಕಾಣಿಸಿಕೊಳ್ಳಬಹುದು.